ಹಳದಿ ಚೀಟಿಯ ರೈ ಬ್ರೆಡ್ಡು

ನಮ್ಮ ಭಾವ ಮೊನ್ನೆ ಮೊನ್ನೆಯವರೆಗೂ ಬಿಸಿ ದೋಸೆ ತಿಂದವರಲ್ಲ ಎಂದರೆ ನೀವು ನಂಬುತ್ತೀರಾ? ಹಲ್ಲುನೋವು, ನಾಲಿಗೆ ಹುಣ್ಣು, ಹರಕೆ, ವ್ರತ ಯಾವುದೂ ಕಾರಣವಲ್ಲ. ಮಾಡಿಹಾಕುವವರಿಗೂ ಬರವಿರಲಿಲ್ಲ. ಅವರ ಹೆಂಡತಿ, ಅಂದರೆ ನನ್ನ ಸ್ವಂತ ಅಕ್ಕ, ಹುಯ್ಯುವ ದೋಸೆಗಾಗಿ ನೈರೋಬಿಯ ಕನ್ನಡದವರು ಅರ್ಧ ಊರಿನ ಟ್ರಾಫಿಕ್ ದಾಟಿಕೊಂಡು ಬರುತ್ತಾರೆ. ಕಾರಣ ಇಷ್ಟೇ. ದೋಸೆ ತಟ್ಟೆಗೆ ಬಿದ್ದ ಮೇಲೆ ಭಾವ ಅದನ್ನು ನೋಡಬೇಕು. ಮಗುಚಿ ನೋಡಬೇಕು. ಅಂಚು ಮುರಿದು ಅದರ ಸದ್ದು ಕೇಳಬೇಕು. ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ತೂತುಗಳನ್ನು ಪರಿಶೀಲಿಸಬೇಕು. ಇಷ್ಟೆಲ್ಲ ಆಗಿ "ಹ್ಞೂಂ, ತಿನ್ನಬಹುದು" ಎಂಬ ಅಪ್ಪಣೆ ಹೊರಡುವಷ್ಟರಲ್ಲಿ, ಪಾಪ, ದೋಸೆ ತಣ್ಣಗಾಗಿ ಒದ್ದೆ ಬಟ್ಟೆಯ ಹಾಗೆ ಮಲಗಿರುತ್ತದೆ!

ಹಿರಿಯರನ್ನು ಕಂಡು ನಗಬಾರದೆಂದು ನಮ್ಮ ಕಾನ್ವೆಂಟಿನ ಸಿಸ್ಟರ್ ಬಹಳ ಕಟ್ಟುನಿಟ್ಟಾಗಿ ಹೇಳಿಕೊಟ್ಟಿದ್ದರು. ಆದರೆ ಸಿಸ್ಟರ್ ನಮ್ಮ ಭಾವನನ್ನು ನೋಡಿರಲಿಲ್ಲ.

ಭಾವನ ಉದ್ಯೋಗವೇ ಅಂಥದ್ದು. ಇಂಡಸ್ಟ್ರಿಯಲ್ ಏರಿಯಾದ ಒಂದು ಔಷಧ ಕಾರ್ಖಾನೆಯಲ್ಲಿ ಅವರು ಗುಣಮಟ್ಟ ಪರೀಕ್ಷೆಯ ಮುಖ್ಯಸ್ಥರು. ಅಲ್ಲಿ ಒಂದು ಮಾತ್ರೆ ಗೇಟು ದಾಟಬೇಕಾದರೂ ಇವರ ಸಹಿ ಬೀಳಬೇಕು. ತಯಾರಾದ ಮಾಲಿಗೆ ಮೊದಲು ಹಳದಿ ಚೀಟಿ: ಇನ್ನೂ ಪರೀಕ್ಷೆಯಲ್ಲಿದೆ, ಯಾರೂ ಮುಟ್ಟಬೇಡಿ. ಪಾಸಾದರೆ ಹಸಿರು, ಫೇಲಾದರೆ ಕೆಂಪು. ನಾವು ನುಂಗುವ ಮಾತ್ರೆಗೆ ಇಷ್ಟು ಜೋಪಾನ ಇರಬೇಕಾದ್ದೇ. ಆದರೆ ಸಂಜೆ ರಿವರ್‌ಸೈಡಿನ ಫ್ಲ್ಯಾಟಿಗೆ ಹಿಂದಿರುಗುವಾಗ ಅವರು ಆ ಚೀಟಿಗಳನ್ನೂ ಜೇಬಿನಲ್ಲಿಟ್ಟುಕೊಂಡು ಬರುತ್ತಾರಲ್ಲ, ಅಕ್ಕನ ಕಷ್ಟ ಶುರುವಾಗುವುದು ಅಲ್ಲಿಂದ. ಹೊಸ ಕುಕ್ಕರಿಗೆ ಹಳದಿ ಚೀಟಿ. ಸಂತೆಯಿಂದ ತಂದ ಸುಕುಮಾ ಸೊಪ್ಪಿಗೆ ಹಳದಿ ಚೀಟಿ. ಒಮ್ಮೆ ನನ್ನ ಯಜಮಾನರು ಸೋಫಾದಲ್ಲಿ ನಿದ್ದೆ ಮಾಡಿ ಎದ್ದಾಗ ಅವರ ಅಂಗಿಯ ಬೆನ್ನಿಗೂ ಒಂದು ಹಳದಿ ಚೀಟಿ ಅಂಟಿತ್ತು. ಅದು ಸೋಫಾದ್ದೋ ಇವರದ್ದೋ ಇಂದಿಗೂ ತೀರ್ಮಾನವಾಗಿಲ್ಲ.

ಭಾವ ಅಕ್ಕನನ್ನು ನೋಡಲು ಮೈಸೂರಿನ ನಮ್ಮ ಮನೆಗೆ ಬಂದಾಗಲೂ ಹೀಗೇ. ನಾನು ಸ್ಕೂಲ್ ಯೂನಿಫಾರ್ಮಿನಲ್ಲೇ ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಉಪ್ಪಿಟ್ಟು, ಕೇಸರಿಬಾತು, ಸಂಗೀತ ಎಲ್ಲ ಮುಗಿಯಿತು. ಅಪ್ಪ ಗಂಟಲು ಸರಿಪಡಿಸಿಕೊಂಡು, "ಹೇಗೆ, ನಮ್ಮ ಹುಡುಗಿ ಒಪ್ಪಿಗೇನಾ?" ಎಂದರು. ಭಾವ ಕರ್ಚೀಫಿನಿಂದ ಬಾಯಿ ಒರೆಸಿಕೊಂಡು, "ರಿವ್ಯೂ ಮಾಡಿ ತಿಳಿಸ್ತೀನಿ ಸಾರ್" ಎಂದುಬಿಟ್ಟರು! ಒಪ್ಪಿಗೆಯ ಸುದ್ದಿ ಬರುವಷ್ಟರಲ್ಲಿ ಅಮ್ಮ ಆಸೆ ಬಿಟ್ಟು ಇನ್ನೊಬ್ಬ ಹುಡುಗನ ಜಾತಕ ತರಿಸಿ ಆಗಿತ್ತು. "ನಂಗೆ ಹಸಿರು ಚೀಟಿ ಸಿಕ್ಕಿದ್ದೇ ತಿಂಗಳಾದ ಮೇಲೆ ಕಣೆ" ಎಂದು ಅಕ್ಕ ಈಗಲೂ ಹೇಳುತ್ತಾಳೆ, "ಹಣೆಗೆ ಅಂಟಿಸಲಿಲ್ಲ, ಅಷ್ಟೇ ಪುಣ್ಯ."

ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಕಾರ್ಖಾನೆಯಿಂದ ಯಾವ ಔಷಧಿ ಹೊರಗೆ ಹೋದರೂ ಅದರಲ್ಲಿ ಒಂದಿಷ್ಟನ್ನು ತೆಗೆದು ಬೀರುವಿನಲ್ಲಿ ಇಟ್ಟುಕೊಳ್ಳುತ್ತಾರಂತೆ. ಕಂಟ್ರೋಲ್ ಸ್ಯಾಂಪಲ್ ಎಂದು ಅದರ ಹೆಸರು. ನಾಳೆ ಹೊರಗೆಲ್ಲಾದರೂ ತಕರಾರು ಬಂದರೆ ಈ ತುಣುಕನ್ನು ತೆಗೆದು ನೋಡಬಹುದಲ್ಲ, ಅದಕ್ಕೆ. ಅಕ್ಕನ ಫ್ರಿಜ್ಜಿನ ಕೆಳಗಿನ ಡ್ರಾಯರ್ ತುಂಬ ಇದೇ! ಕುಂಕುಮದ ಭರಣಿಯಷ್ಟು ಪುಟ್ಟ ಸ್ಟೀಲ್ ಡಬ್ಬಿಗಳಲ್ಲಿ ಸೋಮವಾರದ ಹುಳಿ, ಮಂಗಳವಾರದ ಪಲ್ಯ, ಮಗಳ ಹುಟ್ಟುಹಬ್ಬದ ಪಾಯಸ. ಯಾರಿಗಾದರೂ ಹೊಟ್ಟೆ ಕೆಟ್ಟರೆ ತನಿಖೆಗೆ ಬೇಕಂತೆ. ಅಕ್ಕ ಕದ್ದು ಚೆಲ್ಲುತ್ತಾಳೆ. ಭಾವ ಕಂಡುಹಿಡಿಯುತ್ತಾರೆ. ಮದುವೆಯಾದಾಗಿನಿಂದ ಇವರಿಬ್ಬರ ನಡುವೆ ನಡೆದಿರುವ ಜಗಳ ಇದೊಂದೇ ಎನ್ನಬಹುದು. ಅಕ್ಕನ ಮತದಲ್ಲಿ ಒಲೆಯಿಂದ ಇಳಿದದ್ದು ಬಿಸಿಬಿಸಿಯಾಗಿ ಹೊಟ್ಟೆಗೆ ಹೋಗಬೇಕು, ಹೊತ್ತು ಕಳೆದರೆ ಅದು ತಂಗಳು. ಭಾವನ ಮತದಲ್ಲಿ ಪರೀಕ್ಷೆಯಾಗದ್ದು ಆಹಾರವೇ ಅಲ್ಲ.

ಇಂಥ ಮನೆಗೆ ಬಂತು ನೋಡಿ, ರೈ ಬ್ರೆಡ್ಡು!

ತಂದವನು ಎರೋ ಎಂಬ ಹುಡುಗ. ಫಿನ್‌ಲೆಂಡಿನವನು, ಗಿಗಿರಿಯ ಒಂದು ಕಚೇರಿಯಲ್ಲಿ ಕೆಲಸ. ಅಲ್ಲೇ ಕೆಲಸ ಮಾಡುವ ಮೇಘನಾ, ಅಕ್ಕ-ಭಾವನ ಒಬ್ಬಳೇ ಮಗಳು, ಒಂದು ಶನಿವಾರ ಇವನನ್ನು ಊಟಕ್ಕೆ ಕರೆತಂದಳು. ನನಗೂ ಬರಲು ಹೇಳಿದ್ದಳು. "ಚಿಕ್ಕಿ, ಪ್ಲೀಸ್, ಐ ನೀಡ್ ಯೂ ದೇರ್" ಎಂದಾಗಲೇ ನನಗೆ ವಾಸನೆ ಬಡಿದಿತ್ತು. ಹುಡುಗ ಬಾಗಿಲಲ್ಲೇ ಶೂ ಬಿಚ್ಚಿದ. ಕೈಯಲ್ಲಿ ಹೂವಿಲ್ಲ, ಸ್ವೀಟ್ ಬಾಕ್ಸ್ ಇಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿದ ಏನೋ ಒಂದನ್ನು ಎರಡೂ ಕೈಯಲ್ಲಿ ಅಕ್ಕನಿಗೆ ಒಪ್ಪಿಸಿದ. ಬಿಚ್ಚಿ ನೋಡಿದರೆ ಕರಿಕಂದು ಬಣ್ಣದ, ತಟ್ಟೆಯಗಲದ, ನಡುವೆ ದೊಡ್ಡ ತೂತಿರುವ ಒಂದು ವಸ್ತು.

"ಇದೇನೇ, ಇಷ್ಟ್ ದೊಡ್ಡ ಉದ್ದಿನ ವಡೆ!" ಎಂದಳು ಅಕ್ಕ ನನ್ನ ಕಿವಿಯಲ್ಲಿ. "ಸೀದೂ ಹೋಗಿದೆ ಪಾಪ."

"ಅಮ್ಮಾ, ಇಟ್ಸ್ ರೈ ಬ್ರೆಡ್. ಎರೋ ಬೇಕ್ಡ್ ಇಟ್."

ಹುಡುಗ ನಿಧಾನವಾದ ಇಂಗ್ಲಿಷಿನಲ್ಲಿ ವಿವರಿಸಿದ. ರೈ ಎಂಬುದು ಚಳಿಯ ನಾಡಿನ ಧಾನ್ಯ, ಗೋಧಿ ಬೆಳೆಯದ ಬಡ ನೆಲದಲ್ಲೂ ಬೆಳೆಯುತ್ತದೆ. ಅವನ ಅಜ್ಜಿಯ ಊರಿನಲ್ಲಿ ಹಿಂದೆಲ್ಲ ವರ್ಷಕ್ಕೆ ಒಂದೆರಡು ಸಲ ಮಾತ್ರ ದೊಡ್ಡ ಒಲೆ ಹೊತ್ತಿಸಿ ತಿಂಗಳುಗಟ್ಟಲೆಗಾಗುವಷ್ಟು ಬ್ರೆಡ್ಡು ಸುಡುತ್ತಿದ್ದರು. ನಡುವಿನ ತೂತಿಗೆ ಕೋಲು ತೂರಿಸಿ, ಕೋಲನ್ನು ಚಾವಣಿಗೆ ನೇತುಹಾಕಿದರೆ ಬ್ರೆಡ್ಡು ಒಣಗಿಕೊಂಡು ಹಾಗೇ ಇರುತ್ತಿತ್ತಂತೆ. ತೂತು ಮಾಡುವಾಗ ಹೊರಬಂದ ಪುಟ್ಟ ಬಿಲ್ಲೆಯನ್ನು ಅಜ್ಜಿ ಮಕ್ಕಳಿಗೆಂದು ಬೇರೆಯಾಗಿ ಸುಡುತ್ತಿದ್ದರು. ಹಿಟ್ಟು ಕಲಸುವ ಮರದ ತೊಟ್ಟಿಯನ್ನಂತೂ ಯಾರೂ ತೊಳೆಯುತ್ತಲೇ ಇರಲಿಲ್ಲ. ಅಂಚಿಗೆ ಅಂಟಿ ಉಳಿದ ಹುಳಿಹಿಟ್ಟೇ ಮುಂದಿನ ಸಲಕ್ಕೆ ಹೆಪ್ಪು.

"ತೊಳೆಯೋದೇ ಇಲ್ವಂತೆ! ಮುಸುರೆ ಕಣೆ!" ಅಕ್ಕನ ಪಿಸುಮಾತು.

"ನಿನ್ನ ಮೊಸರಿನ ಹೆಪ್ಪು ಅಮ್ಮನ ಕಾಲದ್ದಲ್ವೇನೇ?" ಎಂದೆ ನಾನು. ಅಕ್ಕ ನನ್ನನ್ನು ಚಿವುಟಿದಳು.

"ಯಾವಾಗ ಮಾಡಿದ್ದು ಇದು?" ಎಂದು ಭಾವ ಅಲ್ಲಿಯವರೆಗೆ ಮುಚ್ಚಿದ್ದ ಬಾಯನ್ನು ಮೊದಲ ಸಲ ತೆರೆದರು.

"ಗುರುವಾರ."

"ಶುಕ್ರವಾರ ಯಾಕೆ ಕೊಯ್ಯಲಿಲ್ಲ?"

"ಆಗಿರಲಿಲ್ಲ, ಸಾರ್. ಒಲೆಯಿಂದ ಬಂದರೂ ರೈ ಬ್ರೆಡ್ಡು ಒಳಗೊಳಗೇ ಇನ್ನೂ ಕೂಡಿಕೊಳ್ಳುತ್ತಾ ಇರುತ್ತದೆ. ಒಂದು ದಿನವಾದರೂ ಅದನ್ನು ಅದರ ಪಾಡಿಗೆ ಬಿಡಬೇಕು. ಬಿಸಿಯಲ್ಲಿ ಕೊಯ್ದರೆ ಒಳಗೆಲ್ಲ ಅಂಟು."

ಭಾವನ ಮುಖವನ್ನು ನೀವು ನೋಡಬೇಕಿತ್ತು! ಮಾಡಿದ ಕೂಡಲೇ ತಿನ್ನಲೇಬಾರದಾದ ಒಂದು ತಿಂಡಿ, ಅಜ್ಜಿಯರ ಕಾಲದಿಂದ ಹಳದಿ ಚೀಟಿ ಅಂಟಿಸಿಕೊಂಡೇ ಹುಟ್ಟುವ ಒಂದು ತಿಂಡಿ, ಭೂಮಿಯ ಮೇಲೆ ಇದೆ! ಅದು ಗೊತ್ತಿಲ್ಲದೆ ಇಷ್ಟು ವರ್ಷ ವ್ಯರ್ಥವಾಯಿತಲ್ಲ ಎಂಬ ವ್ಯಥೆ ಅವರ ಹುಬ್ಬುಗಳಲ್ಲಿ ಸ್ಪಷ್ಟವಾಗಿ ಕಾಣಿಸಿತು.

ಆ ಮುಖ ಕಂಡು ಧೈರ್ಯ ಬಂದಿರಬೇಕು, ಮೇಘನಾ ಅಂದೇಬಿಟ್ಟಳು. ತಾವಿಬ್ಬರೂ ಮದುವೆಯಾಗಬೇಕೆಂದಿದ್ದೇವೆ. ವರ್ಷದ ಕೊನೆಗೆ ಎರೋನ ಇಲ್ಲಿನ ಕೆಲಸ ಮುಗಿಯುತ್ತದೆ, ಅವನು ಊರಿಗೆ ಹೋಗುತ್ತಾನೆ, ತಾನೂ ಹೋಗಬೇಕೆಂದಿದ್ದೇನೆ. "ಬಟ್ ಓನ್ಲಿ ಇಫ್ ಯೂ ಸೇ ಯೆಸ್, ಅಪ್ಪಾ."

ಅಕ್ಕನ ಹಸಿರು ಚೀಟಿ ಆಗಲೇ ಬಿದ್ದಿತ್ತು. ಹುಡುಗ ಶೂ ಬಿಚ್ಚಿದ್ದ, ತಿಳಿಸಾರನ್ನು ಎರಡನೇ ಸಲ ಹಾಕಿಸಿಕೊಂಡು ಕುಡಿದಿದ್ದ. ಇನ್ನೇನು ಬೇಕು? ಆದರೆ ಭಾವ ಕರ್ಚೀಫು ತೆಗೆದು ಬಾಯಿ ಒರೆಸಿಕೊಂಡರು. ನನಗೆ ಮೈಸೂರಿನ ಉಪ್ಪಿಟ್ಟು ನೆನಪಾಯಿತು.

"ನೋಡೋಣ" ಎಂದರು.

ಮುಗಿಯಿತು. ಮದುವೆಗೆ ಹಳದಿ ಚೀಟಿ! ಹೊರಡುವಾಗ ಎರೋ ಒಂದು ಪುಟ್ಟ ಗಾಜಿನ ಜಾಡಿಯನ್ನು ಭಾವನ ಕೈಗಿತ್ತ. ಅದರಲ್ಲಿ ಬೂದುಕಂದು ಹುಳಿಹಿಟ್ಟು, ಅಜ್ಜಿಯ ತೊಟ್ಟಿಯ ಹೆಪ್ಪು. ಭಾವ ಅದನ್ನು ಹೊಸದಾಗಿ ಹುಟ್ಟಿದ ಕೂಸಿನಂತೆ ತೆಗೆದುಕೊಂಡರು.

ಅಂದಿನಿಂದ ಆ ಮನೆಯಲ್ಲಿ ಮನುಷ್ಯರಿಗೆ ಎರಡನೇ ಸ್ಥಾನ. ಜುಲೈ ತಿಂಗಳ ನೈರೋಬಿಯ ಚಳಿ ನಿಮಗೆ ಗೊತ್ತಲ್ಲ? ಜಾಡಿಗೆ ಚಳಿಯಾಗುತ್ತದೆಂದು ಭಾವ ತಮ್ಮ ಉಣ್ಣೆಯ ಮಫ್ಲರನ್ನು ಅದಕ್ಕೆ ಸುತ್ತಿ, ಮೇಲೆ ಮಂಕಿಕ್ಯಾಪು ತೊಡಿಸಿ, ಬೆಡ್‌ರೂಮಿನಲ್ಲಿ ಹೀಟರಿನ ಪಕ್ಕ ಕೂರಿಸಿದರು. ಕತ್ತಲಲ್ಲಿ ಎದ್ದ ಅಕ್ಕ ಯಾರೋ ಕುಳ್ಳ ಮನುಷ್ಯ ಕೂತಿದ್ದಾನೆಂದು ಕಿರುಚಿಕೊಂಡಳಂತೆ. "ಬಾಣಂತಿ ಆದಾಗ ನಂಗೆ ಈ ಮನುಷ್ಯ ಒಂದು ಶಾಲು ಹೊದಿಸಲಿಲ್ಲ ಕಣೆ!" ಎಂದು ಫೋನಿನಲ್ಲಿ ಅತ್ತಳೋ ನಕ್ಕಳೋ ನನಗೆ ತಿಳಿಯಲಿಲ್ಲ.

ವೆಸ್ಟ್‌ಲ್ಯಾಂಡ್ಸಿನ ಅಂಗಡಿಯಿಂದ ರೈ ಹಿಟ್ಟು ಬಂತು. ಮೊದಲ ಬ್ರೆಡ್ಡು ಒಲೆಯಿಂದ ಇಳಿದಾಗ ಘಮಘಮ ಎನ್ನುತ್ತಿತ್ತು. ಭಾವ ಹಳದಿ ಚೀಟಿ ಹಚ್ಚಿ ಸ್ನಾನಕ್ಕೆ ಹೋದರು. ಅಕ್ಕನಿಗೆ ತಡೆಯಲಾಗಲಿಲ್ಲ. "ಬಿಸಿಯಾಗಿರೋವಾಗ ಒಂಚೂರು ತುಪ್ಪ ಹಾಕ್ಕೊಂಡು ತಿನ್ನೋಣ ಬಾರೇ" ಎಂದು ಚಾಕು ಹಾಕಿದಳು. ಚಾಕು ಒಳಗೆ ಹೋಯಿತು, ಹೊರಗೆ ಬರಲಿಲ್ಲ! ನಾನು ಬ್ರೆಡ್ಡು ಹಿಡಿದುಕೊಂಡೆ, ಅವಳು ಚಾಕು ಎಳೆದಳು. ಕೊನೆಗೆ ಬಂದ ಚಾಕುವಿನ ತುಂಬ ಗೋಂದು. ಭಾವ ತಲೆ ಒರೆಸಿಕೊಳ್ಳುತ್ತ ಬಂದು ನೋಡಿದರು. ಬ್ರೆಡ್ಡಿಗೊಂದು, ಚಾಕುವಿಗೊಂದು ಕೆಂಪು ಚೀಟಿ ಹಚ್ಚಿದರು. ಮೂರನೆಯದನ್ನು ಬೆರಳ ತುದಿಯಲ್ಲಿ ಹಿಡಿದು ಅಕ್ಕನನ್ನೇ ಸ್ವಲ್ಪ ಹೊತ್ತು ನೋಡುತ್ತಿದ್ದು, ಏನೋ ಯೋಚಿಸಿ ಜೇಬಿಗೆ ಹಾಕಿಕೊಂಡರು.

ಎರಡನೇ ಸಲ ರೈ ಹಿಟ್ಟು ಸಾಲದೆ ಬಂದಾಗ ಅಕ್ಕ ಉಪಕಾರವಾಗಲಿ ಎಂದು ಇಲ್ಲಿನವರು ವಿಂಬಿ ಎನ್ನುವ ರಾಗಿಹಿಟ್ಟನ್ನು ಒಂದು ಪಾವು ಸುರಿದಳು. ಎರಡೂ ಕಪ್ಪು, ಎರಡೂ ಬಡವರ ಧಾನ್ಯ, ಹೊಂದಿಕೊಂಡು ಹೋಗಲಿ ಎಂಬ ಸದುದ್ದೇಶ. "ಕಲಬೆರಕೆ!" ಎಂದು ಭಾವ ಕೂಗಿದ ಸದ್ದಿಗೆ ಕೆಳಗೆ ಗೇಟು ಕಾಯುವ ಆಸ್ಕಾರಿ ತಲೆಯೆತ್ತಿ ನೋಡಿದನಂತೆ. ಆ ಬ್ರೆಡ್ಡು ಈಗ ಇದೇ ಊರಿನ ಸೌತ್ ಬಿ ಬಡಾವಣೆಯ ನಮ್ಮ ಮನೆಯಲ್ಲಿದೆ. ಗಾಳಿಗೆ ಬಾಗಿಲು ಬಡಿದುಕೊಳ್ಳದಂತೆ ಬಹಳ ಚೆನ್ನಾಗಿ ತಡೆಯುತ್ತದೆ.

ಮೂರನೆಯದು ಪರವಾಗಿಲ್ಲ ಅನ್ನಿಸುವಂತಿತ್ತು. ಹಾಗಾಗಿ ಪೂರ್ತಿ ಶಾಸ್ತ್ರೋಕ್ತವಾಗಿಯೇ ಆಗಲೆಂದು ಭಾವ ಅಡುಗೆಮನೆಯ ಬಾಲ್ಕನಿಯಲ್ಲಿ ಅಕ್ಕ ಸೀರೆ ಒಣಹಾಕುವ ಕೋಲಿಗೇ ಅದನ್ನು ತೂರಿಸಿ ನೇತುಹಾಕಿದರು. ರಿವರ್‌ಸೈಡಿನ ಮರಗಳಲ್ಲಿ ಕೋತಿಗಳಿವೆ ಎಂಬುದು ಇಷ್ಟು ವರ್ಷ ಅಲ್ಲಿದ್ದವರಿಗೆ ಮರೆತೇಹೋಗಿತ್ತು! ಬಂದ ಕೋತಿ ಬ್ರೆಡ್ಡನ್ನು ಬಳೆಯ ಹಾಗೆ ತೋಳಿಗೆ ಏರಿಸಿಕೊಂಡು ಎದುರಿನ ಮರ ಹತ್ತಿತು. ಕಚ್ಚಿತು. ತಿರುಗಿಸಿ ಕಚ್ಚಿತು. ಮೂಸಿತು. ಆಮೇಲೆ ನಮ್ಮ ಭಾವನ ಕಣ್ಣನ್ನೇ ನೋಡುತ್ತ ಕೈಬಿಟ್ಟಿತು. ಕೆಳಗಿದ್ದ ಆಸ್ಕಾರಿ ಅದನ್ನು ಎತ್ತಿಕೊಂಡು ಬಂದು, "ಪೋಲೆ, ಬಾಬಾ", ಅಂದರೆ ಅಯ್ಯೋ ಪಾಪ ಯಜಮಾನರೇ, ಎಂದು ನಿಜವಾದ ಅನುಕಂಪದಿಂದ ಒಪ್ಪಿಸಿದ.

"ರಿಜೆಕ್ಟೆಡ್" ಎಂದಳು ಅಕ್ಕ, ಒಗ್ಗರಣೆಯಿಂದ ತಲೆಯೆತ್ತದೆ.

ಇಷ್ಟೆಲ್ಲದರ ನಡುವೆ ಪ್ರತಿ ಶನಿವಾರ ಎರೋಗೆ ಬುಲಾವು. ಬ್ರೆಡ್ಡು ಕೆಟ್ಟದ್ದೇಕೆ ಎಂಬ ಮೂಲ ಕಾರಣ ಪತ್ತೆಯಾಗಬೇಕಲ್ಲ! ಹುಡುಗನ ತಾಳ್ಮೆ ದೊಡ್ಡದು. ಗಂಟೆಗಟ್ಟಲೆ ಇಬ್ಬರೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಒಲೆಯ ಗಾಜಿನೊಳಗೆ ಟಿವಿ ನೋಡಿದಂತೆ ನೋಡುತ್ತ ನಿಲ್ಲುತ್ತಿದ್ದರು. ಮಾತೇ ಇಲ್ಲ. ಅದು ಫಿನ್‌ಲೆಂಡಿನವರ ಸ್ವಭಾವವಂತೆ, ನಮ್ಮ ಭಾವನದೂ ಹೌದು. ಮೇಘನಾ ನನ್ನ ಬಳಿ ಗೋಳಾಡಿದಳು: "ಚಿಕ್ಕಿ, ಹೀ ಈಸ್ ಡೇಟಿಂಗ್ ಅಪ್ಪಾ, ನಾಟ್ ಮೀ!"

ನಗುತ್ತ ನಗುತ್ತ ಅಕ್ಟೋಬರ್ ಬಂತು. ಜಕರಂಡ ಹೂವು ರಸ್ತೆಗೆಲ್ಲ ಉದುರಿತು. ಒಂದು ಸಂಜೆ ಮೇಘನಾ ಆಫೀಸಿನಿಂದ ನೇರವಾಗಿ ಸೌತ್ ಬಿಗೆ ಬಂದು ನನ್ನ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು. ಹುರಿಗಡಲೆ ಡಬ್ಬಿ ತೆರೆದಳು, ತಿನ್ನಲಿಲ್ಲ. ಎರೋನ ಟಿಕೆಟ್ಟು ಬಂದಿದೆಯಂತೆ. "ಅಪ್ಪ ನೋ ಅಂದ್ರೆ ಫೈಟ್ ಮಾಡ್ತಿದ್ದೆ ಚಿಕ್ಕಿ" ಎಂದು ಅಪರೂಪಕ್ಕೆ ಕನ್ನಡದಲ್ಲೇ ಹೇಳಿದಳು. "ಏನೂ ಹೇಳ್ತಾನೇ ಇಲ್ಲ." ಆಮೇಲೆ ಡಬ್ಬಿಯ ಮುಚ್ಚಳ ಹಾಕಿ ನನ್ನ ಕಡೆಗೆ ತಳ್ಳಿದಳು.

ಮರುದಿನವೇ ನಾನು ರಿವರ್‌ಸೈಡಿಗೆ ಹೋದೆ. ಭಾವ ಜಾಡಿಗೆ ಹಿಟ್ಟು ಉಣಿಸುತ್ತಿದ್ದರು.

"ಭಾವ, ಇನ್ನೆಷ್ಟು ದಿನ ಹಳದಿ ಚೀಟಿ?"

"ಈ ಸಲ ಹುಳಿ ಸರಿಯಾಗಿ ಬಂದಿದೆ ಅನ್ಸುತ್ತಮ್ಮ."

"ನಾನು ಬ್ರೆಡ್ಡಿನ ವಿಷಯ ಹೇಳ್ತಿಲ್ಲ."

ಅವರು ಚಮಚವನ್ನು ಜಾಡಿಯ ಅಂಚಿಗೆ ಒರೆಸಿದರು. ಇನ್ನೊಮ್ಮೆ ಒರೆಸಿದರು. "ನಂಗೊತ್ತು" ಎಂದರು. "ಹುಡುಗ ಒಳ್ಳೇವನು. ಅದು ಮೊದಲನೇ ದಿನಾನೇ ಗೊತ್ತಾಯ್ತು. ಕೆಂಪು ಚೀಟಿ ಹಾಕೋಕೆ ಒಂದು ಕಾರಣ ಸಿಗುತ್ತಾ ಅಂತ ಪ್ರತಿ ಶನಿವಾರ ಕರೆಸ್ದೆ. ಒಂದೂ ಸಿಗಲಿಲ್ಲ ನೋಡು."

"ಮತ್ತೆ?"

"ಹಸಿರು ಚೀಟಿ ಹಾಕಿದ್ರೆ ಮಾಲು ಗೇಟಲ್ಲಿ ನಿಲ್ಲೋದಿಲ್ವಲ್ಲಮ್ಮ."

ಒಗೆದ ಮಫ್ಲರ್ ಒಣಗಿತ್ತು, ಮಡಿಸಿಟ್ಟೆ.

ಮುಂದಿನ ಶನಿವಾರದ ಬ್ರೆಡ್ಡಿಗೆ ಭಾವ ಅಕ್ಕನ ಕಾಫಿ ಲೋಟವನ್ನು ಒತ್ತಿ ತೂತು ಮಾಡಿದರು. ನಡುವಿನ ಪುಟ್ಟ ಬಿಲ್ಲೆಯನ್ನು ಬೇರೆಯಾಗಿ ಸುಟ್ಟು ಡಬ್ಬಿಗೆ ಹಾಕಿ ಡ್ರಾಯರಿಗೆ ಸೇರಿಸಿದರು, ಕಂಟ್ರೋಲ್ ಸ್ಯಾಂಪಲ್! ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿಟ್ಟರು. ಅಕ್ಕ ಆ ದಿನವೆಲ್ಲ ಅಡುಗೆಮನೆಯಿಂದ ದೂರ ಇದ್ದು ತನ್ನನ್ನು ತಾನೇ ಕಾಯ್ದುಕೊಂಡಳು. ಭಾನುವಾರ ಎಲ್ಲರೂ ಮೇಜಿನ ಸುತ್ತ ಕೂತೆವು. ಚಾಕು ಸಲೀಸಾಗಿ ಇಳಿಯಿತು, ಒಂದಿಷ್ಟೂ ಅಂಟದೆ ಹೊರಬಂತು. ಒಳಗೆ ಕಾಕಂಬಿಯ ಬಣ್ಣ, ನಯವಾದ ಹುಳಿವಾಸನೆ. ಅಕ್ಕ ಜೀವಮಾನದಲ್ಲಿ ಮೊದಲ ಬಾರಿಗೆ ಹಿಂದಿನ ದಿನದ್ದನ್ನು, ಬೆಣ್ಣೆ ಹಚ್ಚಿ, ಮೇಲೆ ಚಟ್ನಿಪುಡಿ ಉದುರಿಸಿ, ಕಣ್ಣುಮುಚ್ಚಿ ಬಾಯಿಗಿಟ್ಟಳು. ಕಣ್ಣು ತೆರೆದು ಇನ್ನೊಂದು ಚೂರಿಗೆ ಕೈಚಾಚಿದಳು. ಎರೋ ಅಗಿಯುತ್ತ ಅಗಿಯುತ್ತ ನಿಲ್ಲಿಸಿ, "ಅಜ್ಜಿಯ ಮನೆ" ಎಂದಷ್ಟೇ ಹೇಳಿ ತಟ್ಟೆ ನೋಡುತ್ತ ಕೂತ.

ಭಾವ ಕರ್ಚೀಫಿನಿಂದ ಬಾಯಿ ಒರೆಸಿಕೊಂಡರು.

"ಧನುರ್ಮಾಸ ಬರೋದ್ರೊಳಗೆ ಒಂದು ಮುಹೂರ್ತ ಇದೆಯಾ ವಿಚಾರಿಸು" ಎಂದರು ಅಕ್ಕನಿಗೆ.

"ಮೂರು ಇದೆ ರೀ" ಎಂದಳು ಅಕ್ಕ. "ಜುಲೈಯಲ್ಲೇ ಕೇಳಿಟ್ಟಿದ್ದೀನಿ."

ಮದುವೆ ದೇವಸ್ಥಾನದ ಹಾಲ್‌ನಲ್ಲಿ ಚೆನ್ನಾಗಿ ಆಯಿತು. ಎರೋನ ಅಮ್ಮ ರೇಷ್ಮೆ ಸೀರೆಯಲ್ಲಿ ಉದ್ದಕ್ಕೆ ಧ್ವಜಸ್ತಂಭದಂತೆ ನಿಂತು ಎಲ್ಲರಿಗೂ ಕೈಮುಗಿದರು. ಅದೆಲ್ಲ ಇರಲಿ. ಮಕ್ಕಳು ಹೊರಡುವ ದಿನ ಸಾಮಾನೆಲ್ಲ ಲಿಫ್ಟಿನಲ್ಲಿ ಕೆಳಗಿಳಿಯಿತು. ಭಾವ ಮಾತ್ರ ಕಾಣಿಸಲಿಲ್ಲ. ಹುಡುಕಿಕೊಂಡು ಹೋದರೆ ಅಡುಗೆಮನೆಯಲ್ಲಿ ಫ್ರಿಜ್ಜಿನ ಕೆಳಗಿನ ಡ್ರಾಯರ್ ಎಳೆದುಕೊಂಡು ನೆಲದ ಮೇಲೆ ಕೂತಿದ್ದರು. ಅರ್ಧ ಹುಳಿಹಿಟ್ಟನ್ನು ಮಗಳಿಗೆಂದು ಬೇರೆ ಜಾಡಿಗೆ ಹಾಕಿ, ಮುಚ್ಚಳಕ್ಕೆ ಹಸಿರು ಚೀಟಿ ಅಂಟಿಸಿ ಪಕ್ಕದಲ್ಲಿಟ್ಟುಕೊಂಡಿದ್ದರು. ಕೈಯಲ್ಲಿ ಆ ಪುಟ್ಟ ಬಿಲ್ಲೆಯ ಡಬ್ಬಿ.

"ಭಾವ, ಕಾರು ಬಂತು."

"ಬ್ರೆಡ್ಡಿಗಾದ್ರೆ ನಡುವಿನ ತುಂಡು ನಮ್ಮ ಹತ್ರಾನೇ ಉಳಿಯುತ್ತಮ್ಮ" ಎಂದರು, ನನ್ನ ಕಡೆ ನೋಡದೆ. "ಮಗಳ ವಿಷಯದಲ್ಲಿ ತೂತು ಮಾತ್ರ ಉಳಿಯೋ ಹಾಗಿದೆ."

ಏರ್‌ಪೋರ್ಟಿನಲ್ಲಿ ಅವರು ಎಲ್ಲರಿಗಿಂತ ನೆಟ್ಟಗಿದ್ದರು. ಜಾಡಿಯನ್ನು ಸಾಮಾನಿನಲ್ಲಿ ಹೇಗೆ ಇಡಬೇಕು, ಎಷ್ಟು ದಿನಕ್ಕೊಮ್ಮೆ ಹಿಟ್ಟು ಉಣಿಸಬೇಕು ಎಂದು ಅದು ಹುಟ್ಟಿದ ಮನೆಯ ಹುಡುಗನಿಗೇ ಹೇಳಿಕೊಟ್ಟರು. ಅವನೂ ಹೊಸದಾಗಿ ಕೇಳುವವನಂತೆ ತಲೆಯಾಡಿಸಿದ.

ಮನೆಗೆ ವಾಪಸಾದಾಗ ಯಾರಿಗೂ ಹಸಿವಿರಲಿಲ್ಲ. ಆದರೂ ಅಕ್ಕ ಕಾವಲಿ ಇಟ್ಟಳು, ಕೈ ಸುಮ್ಮನಿರಬೇಕಲ್ಲ. ಮೊದಲ ದೋಸೆಯನ್ನು ಭಾವನ ತಟ್ಟೆಗೆ ಹಾಕಿ, ರೂಢಿಯಂತೆ ಕಿಟಕಿಯ ಪರದೆ ಸರಿಸಿದಳು, ಬೆಳಕಿಗೆ ಹಿಡಿದು ನೋಡಲು ಅನುಕೂಲವಾಗಲಿ ಎಂದು.

ಭಾವ ಮಗುಚಲಿಲ್ಲ, ಎತ್ತಿ ನೋಡಲಿಲ್ಲ. ಹೊಗೆಯಾಡುತ್ತಿದ್ದ ದೋಸೆಯನ್ನು ಮುರಿದು ಹಾಗೇ ಬಾಯಿಗೆ ಹಾಕಿಕೊಂಡರು. ಅಕ್ಕ ಸೌಟು ಹಿಡಿದುಕೊಂಡೇ ನಿಂತುಬಿಟ್ಟಳು. ಭಾವನ ಕಣ್ಣಲ್ಲಿ ನೀರು ಬಂತು.

"ಬಿಸಿ ಇದೆ" ಎಂದರು.

"ಹೂಂ ರೀ, ಬಿಸಿ ಇದೆ" ಎಂದು ಅಕ್ಕ ಇನ್ನೊಂದು ಹುಯ್ದಳು.